ಕಿರ್ಚಾಫ್‌ನ ಮನೆಲೆಕ್ಕ

1845ರಲ್ಲಿ ಗುಸ್ತಾವ್ ಕಿರ್ಚಾಫ್‌ಗೆ 21 ವರ್ಷ. ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಇನ್ನೂ ವಿದ್ಯಾರ್ಥಿ. ಆ ವರ್ಷ ಅವನು ಪ್ರಕಟಿಸಿದ ಪ್ರಬಂಧ ತಾಮ್ರದ ಒಂದು ದುಂಡು ತಗಡನ್ನು ಕುರಿತದ್ದು. ತಗಡಿನ ಅಂಚಿನಲ್ಲಿ ಒಂದು ಕಡೆಯಿಂದ ವಿದ್ಯುತ್ ಒಳಗೆ ಬಿಟ್ಟು ಇನ್ನೊಂದು ಕಡೆಯಿಂದ ಹೊರಗೆ ತೆಗೆದರೆ ನಡುವೆ ಅದು ಹೇಗೆ ಹರಡಿಕೊಳ್ಳುತ್ತದೆ ಎಂಬುದು ಪ್ರಶ್ನೆ. ಲೆಕ್ಕ ಮಾಡಿ, ಅಳೆದು, ಎರಡನ್ನೂ ಹೋಲಿಸಿದ. ಅದೇ ಪ್ರಬಂಧದ ಕೊನೆಯ ಭಾಗದಲ್ಲಿ, ತಂತಿಗಳ ಜಾಲಕ್ಕೂ ಇದೇ ವಿಚಾರ ಅನ್ವಯಿಸುವಾಗ ಬೇಕಾದ ಎರಡು ನಿಯಮಗಳನ್ನು ಬರೆದಿಟ್ಟ. ಒಂದು ಸಂಧಿಗೆ ಬಂದ ಪ್ರವಾಹವೆಲ್ಲ ಅಲ್ಲಿಂದ ಹೊರಗೂ ಹೋಗಬೇಕು. ಒಂದು ಸುತ್ತು ಹಾಕಿ ಹೊರಟಲ್ಲಿಗೇ ಮರಳಿದರೆ ಏರಿದ ವಿಭವವೂ ಇಳಿದ ವಿಭವವೂ ಸಮನಾಗಬೇಕು. ಬೆಟ್ಟ ಹತ್ತಿ ಇಳಿದು ಮನೆಗೆ ಬಂದವನಿಗೆ ಮನೆಯ ಎತ್ತರ ಬದಲಾಗಿರುವುದಿಲ್ಲವಲ್ಲ, ಹಾಗೆ. ಇವತ್ತು ಎಂಜಿನಿಯರಿಂಗ್, ಡಿಪ್ಲೊಮಾ, ಪಿಯುಸಿ ಎಲ್ಲ ಕಡೆ ವಿದ್ಯುತ್ ಮಂಡಲಗಳ ಪಾಠ ಶುರುವಾಗುವುದೇ ಈ ಎರಡು ವಾಕ್ಯಗಳಿಂದ.

ನನ್ನ ಕುತೂಹಲ ನಿಯಮಗಳಿಗಿಂತ ಅವು ಹುಟ್ಟಿದ ಜಾಗದ ಬಗ್ಗೆ. ಕಿರ್ಚಾಫ್‌ನ ಗುರು ಫ್ರಾಂಜ್ ನಾಯ್ಮನ್, ಗಣಿತಜ್ಞ ಯಾಕೋಬಿಯ ಜೊತೆ ಸೇರಿ, 1834ರಲ್ಲಿ ಕೋನಿಗ್ಸ್‌ಬರ್ಗಿನಲ್ಲಿ ಒಂದು ಸೆಮಿನಾರ್ ಆರಂಭಿಸಿದ್ದ. ಸೆಮಿನಾರ್ ಎಂದರೆ ಇಂದಿನ ಹಾಗೆ ವೇದಿಕೆ, ಬ್ಯಾನರು, ಮಧ್ಯಾಹ್ನದ ಊಟ ಅಲ್ಲ. ಉಪನ್ಯಾಸ ಕೇಳಿ ಟಿಪ್ಪಣಿ ಬರೆದುಕೊಂಡರೆ ಭೌತಶಾಸ್ತ್ರ ಬರುವುದಿಲ್ಲ, ಲೆಕ್ಕ ಮಾಡಬೇಕು, ಮಾಡಿದ ಲೆಕ್ಕವನ್ನು ಅಳತೆಯ ಎದುರು ಇಟ್ಟು ನೋಡಬೇಕು, ಎರಡಕ್ಕೂ ಎಷ್ಟು ಅಂತರ ಬಂತು, ಯಾಕೆ ಬಂತು ಎಂದು ವಿವರಿಸಬೇಕು ಎಂಬುದು ಅಲ್ಲಿನ ಪದ್ಧತಿ. ಕಿರ್ಚಾಫ್‌ನ ಕೆಲಸ ಈ ಸೆಮಿನಾರಿನಲ್ಲಿ ಬೆಳೆದದ್ದು. ಅಂದರೆ ನಾವು ಪರೀಕ್ಷೆಗೆಂದು ಉರು ಹೊಡೆಯುವ ನಿಯಮಗಳು ಮೂಲದಲ್ಲಿ ಒಬ್ಬ ವಿದ್ಯಾರ್ಥಿಯ ಮನೆಲೆಕ್ಕದ ಫಲ.

ವಿಜ್ಞಾನದ ಚರಿತ್ರೆಯಲ್ಲಿ ಸಂಶೋಧನೆ ಮಾಡುತ್ತಿರುವ ನಾನು ಈ ಹಳೆಯ ಕಾಗದಗಳ ಕಡೆ ತಿರುಗಿದ್ದಕ್ಕೆ ಒಂದು ಸಣ್ಣ ಕಾರಣವಿದೆ. ಹಾಸನದ ಕಡೆ ಡಿಪ್ಲೊಮಾ ಓದುತ್ತಿರುವ ನನ್ನ ಚಿಕ್ಕಪ್ಪನ ಮಗ ಕಳೆದ ವರ್ಷ ಫೋನು ಮಾಡಿದ್ದ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. “ಅಕ್ಕಾ, ಪಾಠ ಮಾಡ್ವಾಗ ಎಲ್ಲಾ ಅರ್ಥ ಆಗತ್ತೆ. ಲೆಕ್ಕ ಕೊಟ್ರೆ ಕೈ ಓಡಲ್ಲ. ಪ್ರಾಕ್ಟೀಸಿಗೆ ಲೆಕ್ಕ ಎಲ್ಲಿ ಸಿಗತ್ತೆ ಹೇಳು.” ಅವನ ಹತ್ತಿರ ಇದ್ದದ್ದು ಹಿಂದಿನ ಐದು ವರ್ಷಗಳ ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಕಟ್ಟು, ಅದರ ಜೊತೆಗೆ ಯಾರೋ ಬಿಡಿಸಿಟ್ಟ ಉತ್ತರಗಳು. ಯಾವ ಲೆಕ್ಕ ಮತ್ತೆ ಬರಬಹುದು ಎಂದು ತರಗತಿಯಲ್ಲಿ ಎಲ್ಲರಿಗೂ ಗೊತ್ತು. ರೋಧದ ಬೆಲೆ ಒಂದನ್ನು ಬದಲಾಯಿಸಿ ಕೊಟ್ಟರೆ ಅರ್ಧ ತರಗತಿ ಕೂತುಬಿಡುತ್ತದೆ ಎಂದೂ ಅವನೇ ಹೇಳಿದ. ಒಂದೆರಡು ಪುಸ್ತಕಗಳ ಹೆಸರು ಹೇಳಿ ಫೋನಿಟ್ಟೆ. ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ಪುಸ್ತಕವೇ ಇಲ್ಲದಿದ್ದಾಗ ಇದನ್ನು ಕಲಿತವರಿಗೆ ಅಭ್ಯಾಸದ ಲೆಕ್ಕ ಎಲ್ಲಿಂದ ಸಿಗುತ್ತಿತ್ತು? ಮಾಡಿದ್ದು ಸರಿಯೋ ತಪ್ಪೋ ಎಂದು ಅವರಿಗೆ ಯಾರು ಹೇಳುತ್ತಿದ್ದರು?

ಈ ವಿಷಯದ ಮೊಟ್ಟಮೊದಲ ಅಭ್ಯಾಸಪಟ್ಟಿ ಎಂದು ನಾನು ಕರೆಯಬಯಸುವುದು 1826ರ ಎಂಟು ಅಳತೆಗಳನ್ನು. ಗೇಯೊರ್ಗ್ ಓಮ್ ಆಗ ಕಲೋನ್ ನಗರದ ಒಂದು ಪ್ರೌಢಶಾಲೆಯಲ್ಲಿ ಮೇಷ್ಟ್ರು. ವೋಲ್ಟಾನ ಬ್ಯಾಟರಿಯ ಶಕ್ತಿ ನೋಡನೋಡುತ್ತಲೇ ಇಳಿದುಹೋಗುತ್ತಿದ್ದುದರಿಂದ, ಪೊಗೆನ್‌ಡಾರ್ಫ್ ಎಂಬ ಸಂಪಾದಕನ ಸಲಹೆಯಂತೆ ಬಿಸ್ಮತ್ ಮತ್ತು ತಾಮ್ರದ ಜೋಡಿಯನ್ನು ಬಳಸಿದ. ಒಂದು ಕೂಡುತುದಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ಎರಡರ ಉಷ್ಣತೆಯೂ ಅಲ್ಲಾಡುವುದಿಲ್ಲ, ಆದ್ದರಿಂದ ವಿದ್ಯುತ್ತೂ ಸ್ಥಿರ. ಒಂದೇ ದಪ್ಪದ ತಾಮ್ರದ ತಂತಿಯ ಎಂಟು ತುಂಡುಗಳು: 2, 4, 6, 10, 18, 34, 66, 130 ಇಂಚು. ಒಂದೊಂದನ್ನೇ ಜೋಡಿಸಿ, ಮೇಲೆ ತೂಗುಬಿಟ್ಟ ಕಾಂತಸೂಜಿ ಎಷ್ಟು ತಿರುಗಲು ಹೋಗುತ್ತದೆ ಎಂದು ಓದಿದ. 2 ಇಂಚಿಗೆ 326.75, 10 ಇಂಚಿಗೆ 238.25, 34ಕ್ಕೆ 134.5, 130ಕ್ಕೆ 48.5.

ಈ ಅಂಕಿಗಳ ಹಿಂದೆ ಓಮ್ ಕಂಡ ಸೂತ್ರ ಸರಳ: 7285ನ್ನು, ತಂತಿಯ ಉದ್ದಕ್ಕೆ 20.25 ಕೂಡಿಸಿ ಬಂದ ಮೊತ್ತದಿಂದ ಭಾಗಿಸಿ. 34 ಇಂಚಿನ ತಂತಿಯಾದರೆ ಛೇದ 54.25, ಉತ್ತರ 134.3. ಓದಿದ್ದು 134.5. 130 ಇಂಚಿಗೆ ಛೇದ 150.25, ಉತ್ತರ 48.5. ಅಲ್ಲಿಗೆ ಸರಿಹೋಯಿತು. 10 ಇಂಚಿಗೆ ಮಾತ್ರ ಸೂತ್ರ 240.8 ಎನ್ನುತ್ತದೆ, ಸೂಜಿ 238.25 ಎನ್ನುತ್ತದೆ. ಶೇಕಡಾ ಒಂದರಷ್ಟು ವ್ಯತ್ಯಾಸ. ಓಮ್ ಅದನ್ನು ತಿದ್ದದೆ ಹಾಗೇ ಅಚ್ಚು ಹಾಕಿಸಿದ. ನಮ್ಮ ಪ್ರಯೋಗಶಾಲೆಯ ರೆಕಾರ್ಡುಗಳಲ್ಲಿ ಎಲ್ಲ ಅಳತೆಯೂ ಸೂತ್ರಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದುವುದನ್ನು ನೋಡಿ ಬಂದವಳಿಗೆ ಈ 238.25 ಬಹಳ ಹಿಡಿಸಿತು.

ಇನ್ನೊಂದು ಅಂಕಿಯ ಬಗ್ಗೆಯೂ ಹೇಳಬೇಕು: ಆ 20.25. ಹೊರಗಿನ ತಂತಿಯ ಉದ್ದ ಸೊನ್ನೆಯಾದರೂ ಅದು ಹೋಗುವುದಿಲ್ಲ. ವಿದ್ಯುತ್ ಹುಟ್ಟುವ ಜಾಗವೇ 20.25 ಇಂಚು ತಂತಿಯಷ್ಟು ಅಡ್ಡಿ ಒಡ್ಡುತ್ತಿದೆ. ಇದನ್ನು ಈಗ ಆಂತರಿಕ ರೋಧ ಎನ್ನುತ್ತೇವೆ. ಶಾಲೆಯಲ್ಲಿ ಓಮನ ನಿಯಮ ಎಂದರೆ ಮೂರು ಅಕ್ಷರಗಳ ಸಮೀಕರಣ. ಅಲ್ಲಿ ಈ ಎರಡನೇ ಅಂಕಿ ಮಾಯವಾಗಿರುತ್ತದೆ. ಹಾಗಾಗಿಯೇ ಮುಂದೆ ಕಾಲೇಜಿನಲ್ಲಿ ಅದು ಎದುರಾದಾಗ ಹೊಸ ಭೂತದಂತೆ ಕಾಣುತ್ತದೆ.

ಓಮ್ ಮತ್ತು ಕಿರ್ಚಾಫ್ ವಿದ್ವಾಂಸರ ಲೋಕದವರು. ಅವರ ಲೆಕ್ಕಗಳನ್ನು ಸಾವಿರಾರು ಜನರ ದಿನನಿತ್ಯದ ಕೆಲಸ ಮಾಡಿದ್ದು ಟೆಲಿಗ್ರಾಫ್. ನೆಲದಡಿಯಲ್ಲೋ ಸಮುದ್ರದಡಿಯಲ್ಲೋ ಹೋಗುವ ತಂತಿ ಎಲ್ಲೋ ಕೆಟ್ಟಿದೆ. ಎಲ್ಲಿ ಎಂದು ಗೊತ್ತಿಲ್ಲದೆ ಅಗೆಯುವುದು ಎಲ್ಲಿಂದ? ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1843ರಲ್ಲಿ ಪ್ರಚಾರಕ್ಕೆ ತಂದ ನಾಲ್ಕು ತೋಳಿನ ಸೇತುವೆ ಇಲ್ಲಿ ಕೆಲಸಕ್ಕೆ ಬಂತು. ಅದರ ಮೂಲ ಕಲ್ಪನೆ 1833ರಲ್ಲೇ ಸ್ಯಾಮ್ಯುಯಲ್ ಕ್ರಿಸ್ಟಿಯದು, ವೀಟ್‌ಸ್ಟನ್ ಅದನ್ನು ಒಪ್ಪಿಕೊಂಡೂ ಇದ್ದ. ಆದರೂ ಹೆಸರು ಉಳಿದದ್ದು ಇವನದೇ. ಕೆಟ್ಟ ತಂತಿಯನ್ನು ದೂರದ ತುದಿಯಲ್ಲಿ ಒಳ್ಳೆಯ ತಂತಿಗೆ ಕೂಡಿಸಿ ಒಂದು ಸುತ್ತು ಮಾಡಿಕೊಳ್ಳುವುದು, ಸೇತುವೆಯನ್ನು ಸರಿದೂಗಿಸುವುದು. ಹೋಗಿಬರುವ ಒಟ್ಟು ಉದ್ದ 100 ಕಿಲೋಮೀಟರ್ ಇದ್ದು, ಸೇತುವೆ 3ಕ್ಕೆ 7ರಂತೆ ತೂಗಿತು ಎಂದುಕೊಳ್ಳಿ. ಹತ್ತರಲ್ಲಿ ಮೂರು ಪಾಲು, ಅಂದರೆ 30ನೇ ಕಿಲೋಮೀಟರಿನಲ್ಲಿ ಅಗೆಯಿರಿ. ಗುದ್ದಲಿ ನೆಲಕ್ಕೆ ಬಿದ್ದಾಗ ತಿಳಿಯುತ್ತದೆ, ಲೆಕ್ಕ ಸರಿಯೋ ತಪ್ಪೋ. ಉತ್ತರ ನೋಡಲು ಪುಸ್ತಕದ ಕೊನೆಯ ಪುಟ ತಿರುಗಿಸಬೇಕಾಗಿರಲಿಲ್ಲ.

ಲಿಯೋನ್ ತೆವೆನಿನ್ ಈ ಲೋಕದ ಮನುಷ್ಯ. 1857ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದವನು, 1878ರಲ್ಲಿ ಟೆಲಿಗ್ರಾಫ್ ಎಂಜಿನಿಯರುಗಳ ಪಡೆ ಸೇರಿ ದೂರದ ನೆಲದಡಿಯ ತಂತಿಗಳ ಕೆಲಸ ನೋಡಿಕೊಂಡ. 1882ರಲ್ಲಿ ಪ್ಯಾರಿಸಿನ ಟೆಲಿಗ್ರಾಫ್ ಶಾಲೆಯಲ್ಲಿ ಪಾಠ ಹೇಳುವ ಹೊಣೆ ಬಂತು. ಮರುವರ್ಷವೇ ಅವನ ಪ್ರಮೇಯ ಪ್ರಕಟವಾಯಿತು. ಪಾಠ ಮಾಡುತ್ತ ಮಾಡುತ್ತ ಅಳತೆಯ ಲೆಕ್ಕಗಳು ಅವನನ್ನು ಹೆಚ್ಚು ಹೆಚ್ಚು ಸೆಳೆದವು ಎಂದು ಅವನ ಜೀವನಚರಿತ್ರೆ ಹೇಳುತ್ತದೆ. ಆಶ್ಚರ್ಯವಿಲ್ಲ. ಕಿರ್ಚಾಫ್‌ನ ದಾರಿಯಲ್ಲಿ ಹೋದರೆ ಜಾಲ ದೊಡ್ಡದಾದ ಹಾಗೆಲ್ಲ ಸಮೀಕರಣಗಳು ಹೆಚ್ಚುತ್ತವೆ. ವೀಟ್‌ಸ್ಟನ್ನನ ಪುಟ್ಟ ಸೇತುವೆಯಲ್ಲೇ, ಬ್ಯಾಟರಿಯ ಕವಲನ್ನೂ ಸೇರಿಸಿದರೆ, ಆರು ಕವಲು, ನಾಲ್ಕು ಸಂಧಿ. ಕಣ್ಣಿಗೆ ಏಳು ಸುತ್ತುಗಳು ಕಾಣುತ್ತವೆ. ಏಳಕ್ಕೂ ಸಮೀಕರಣ ಬರೆದ ವಿದ್ಯಾರ್ಥಿ ಕೊನೆಗೆ ಸೊನ್ನೆಗೆ ಸೊನ್ನೆ ಸಮ ಎಂಬಲ್ಲಿಗೆ ಬಂದು ನಿಲ್ಲುತ್ತಾನೆ. ನಿಜಕ್ಕೂ ಬೇಕಾದ ಸುತ್ತುಗಳು ಮೂರೇ: ಕವಲುಗಳಿಂದ ಸಂಧಿಗಳನ್ನು ಕಳೆದು ಒಂದು ಕೂಡಿಸಿ. ಇದನ್ನು 1847ರಲ್ಲಿ ತೋರಿಸಿಕೊಟ್ಟವನೂ ಕಿರ್ಚಾಫನೇ. (ಏಳು ಸೇತುವೆಗಳ ಒಗಟಿನಿಂದ ಆಯ್ಲರ್ ಹೊಸ ಗಣಿತವೊಂದನ್ನು ಹುಟ್ಟಿಸಿದ್ದು ಇದೇ ಕೋನಿಗ್ಸ್‌ಬರ್ಗ್ ಊರಿನ ಹೆಸರಿನಲ್ಲಿ. ಕಿರ್ಚಾಫ್‌ನ ಸುತ್ತುಗಳ ಎಣಿಕೆಯೂ ಅದೇ ಗಣಿತದ ಕುಟುಂಬಕ್ಕೆ ಸೇರಿದ್ದು. ಊರಿಗೆ ಈಗ ಕಲಿನಿನ್‌ಗ್ರಾಡ್ ಎಂದು ಹೆಸರು, ಇರುವುದು ರಷ್ಯಾದಲ್ಲಿ.)

ತೆವೆನಿನ್ ಹೇಳಿದ್ದು ಇಷ್ಟು: ಜಾಲ ಎಷ್ಟೇ ಗೋಜಲಾಗಿರಲಿ, ಅದರ ಎರಡು ತುದಿಗಳು ಮಾತ್ರ ನಿಮ್ಮ ಕೈಗೆ ಸಿಗುತ್ತಿದ್ದರೆ, ಒಳಗಿನದನ್ನೆಲ್ಲ ಒಂದು ಬ್ಯಾಟರಿ ಮತ್ತು ಅದರೊಂದಿಗೆ ಸಾಲಾಗಿ ನಿಂತ ಒಂದು ರೋಧ ಎಂದು ಭಾವಿಸಿದರೆ ಸಾಕು. ಏನೂ ಜೋಡಿಸದಿದ್ದಾಗ 12 ವೋಲ್ಟ್ ಇತ್ತು, 8 ಓಮ್ ಜೋಡಿಸಿದಾಗ 8 ವೋಲ್ಟಿಗೆ ಇಳಿಯಿತು ಎನ್ನಿ. ಹರಿದದ್ದು 1 ಆಂಪಿಯರ್, ಒಳಗೆ ಕಳೆದುಹೋದದ್ದು 4 ವೋಲ್ಟ್, ಹಾಗಾದರೆ ಒಳಗಿನ ರೋಧ 4 ಓಮ್. ನೂರು ಮೈಲಿ ತಂತಿಯ ಒಂದು ತುದಿಯಲ್ಲಿ ಮೀಟರು ಹಿಡಿದು ನಿಂತ ಸಿಬ್ಬಂದಿಗೆ ಇದಕ್ಕಿಂತ ಉಪಕಾರದ ಮಾತು ಬೇರೆ ಇರಲಾರದು. ಓಮನ 20.25 ಇಲ್ಲಿ ಎಲ್ಲ ಜಾಲಗಳಿಗೂ ಅನ್ವಯಿಸುವಂತೆ ಬೆಳೆದು ಬಂದಿದೆ. ಇದೇ ಮಾತನ್ನು ಹರ್ಮನ್ ಹೆಲ್ಮ್‌ಹೋಲ್ಟ್ಜ್ 30 ವರ್ಷ ಮೊದಲೇ, 1853ರಲ್ಲಿ, ಪ್ರಾಣಿಗಳ ದೇಹದ ವಿದ್ಯುತ್ತನ್ನು ಕುರಿತ ಪ್ರಬಂಧದಲ್ಲಿ ಹೇಳಿದ್ದ. ತೆವೆನಿನ್‌ಗೆ ಅದು ತಿಳಿದಿರಲಿಲ್ಲ. ಸ್ನಾಯುವಿನ ಪ್ರಬಂಧದಲ್ಲಿದ್ದಾಗ ಎಂಜಿನಿಯರುಗಳ ಕಣ್ಣಿಗೆ ಬೀಳದ ಮಾತು ತಂತಿ ಶಾಲೆಯ ಪಾಠವಾದಾಗ ಹಬ್ಬಿತು. 1926ರಲ್ಲಿ ಬೆಲ್ ಲ್ಯಾಬ್ಸಿನ ನಾರ್ಟನ್ ಮತ್ತು ಜರ್ಮನಿಯ ಮೇಯರ್ ಅದರ ಇನ್ನೊಂದು ರೂಪವನ್ನು ಬೇರೆಬೇರೆಯಾಗಿ ಕಂಡುಕೊಂಡರು.

ಅಷ್ಟರಲ್ಲಿ ಪರ್ಯಾಯ ವಿದ್ಯುತ್ತಿನ ಕಾಲ ಬಂದಿತ್ತು. 1893ರಲ್ಲಿ ಷಿಕಾಗೋದ ವಿದ್ಯುತ್ ಸಮ್ಮೇಳನದಲ್ಲಿ ಚಾರ್ಲ್ಸ್ ಸ್ಟೈನ್‌ಮೆಟ್ಸ್ ಅದರ ಲೆಕ್ಕಕ್ಕೆ ಸಮ್ಮಿಶ್ರ ಸಂಖ್ಯೆಗಳನ್ನು ಬಳಸುವ ದಾರಿ ತೋರಿಸಿದ. ಕಲನಶಾಸ್ತ್ರದ ಸಮೀಕರಣಗಳು ಬರಿಯ ಬೀಜಗಣಿತವಾಗಿ ಇಳಿದವು. ಅವನು ಮುಂದೆ ಇಡೀ ಆಯುಷ್ಯ ದುಡಿದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳೇ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 92 ಮೈಲಿ ದೂರ ವಿದ್ಯುತ್ ಹರಿಸಿದವು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. 1911ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಬಾಗಿಲು ತೆರೆದಾಗ ಇದ್ದ ಮೊದಲ ವಿಭಾಗಗಳಲ್ಲಿ ವಿದ್ಯುತ್ ತಂತ್ರಜ್ಞಾನವೂ ಒಂದು. ನಮ್ಮ ನೆಲದಲ್ಲೂ ಲೆಕ್ಕಕ್ಕಿಂತ ಮೊದಲು ಬಂದದ್ದು ತಂತಿಯೇ.

ಪುಸ್ತಕಗಳ ಕಾಲ ಇದನ್ನು ತಲೆಕೆಳಗು ಮಾಡಿತು. ಎರಡನೇ ಮಹಾಯುದ್ಧದ ನಂತರ ಎಂಜಿನಿಯರಿಂಗ್ ಓದುವವರು ಹೆಚ್ಚಿದರು, ಎಲ್ಲರ ಕೈಗೂ ತಂತಿ ಕೊಡಲಾಗದು, ಲೆಕ್ಕ ಕೊಡಬಹುದು. 1955ರಲ್ಲಿ ವ್ಯಾನ್ ವಾಲ್ಕನ್‌ಬರ್ಗ್, 1962ರಲ್ಲಿ ಹೇಟ್ ಮತ್ತು ಕೆಮರ್ಲಿ, 1965ರಲ್ಲಿ ಶೌಮ್ ಮಾಲೆಯಲ್ಲಿ ಎಡ್ಮಿನಿಸ್ಟರ್. ಈ ಹೆಸರುಗಳು ಇಂದಿಗೂ ಗ್ರಂಥಾಲಯದ ಕಪಾಟುಗಳಲ್ಲಿವೆ. ಭಾರತದಲ್ಲಿ ತೆರಾಜಾ ಅವರ ದಪ್ಪ ಪುಸ್ತಕ. ಲೆಕ್ಕದ ಕೊನೆಗೇ ಕಂಸದಲ್ಲಿ ಉತ್ತರ, ಪಕ್ಕದಲ್ಲಿ ಯಾವ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಕೇಳಿದ್ದರು ಎಂಬ ವಿವರ. ಈ ಪುಸ್ತಕಗಳನ್ನು ನಾನು ಹಗುರಾಗಿ ಕಾಣಲಾರೆ. ಉತ್ತರವನ್ನು ಎದುರಿಗೇ ಇಟ್ಟು ದಾರಿಯನ್ನು ಮುಚ್ಚಿಡುವುದು ಒಳ್ಳೆಯ ಕ್ರಮ. ನಗರದ ಕಾಲೇಜು, ಹೆಸರಾಂತ ಅಧ್ಯಾಪಕರು ಯಾವುದೂ ಇಲ್ಲದವರು ಅದನ್ನು ಹಿಡಿದೇ ದಾಟಿದ್ದಾರೆ. ಆದರೆ ಪರೀಕ್ಷೆಯ ಹೆಸರು ಲೆಕ್ಕದ ಪಕ್ಕಕ್ಕೆ ಬಂದ ಗಳಿಗೆಯಿಂದ ಲೆಕ್ಕ ಇರುವುದೇ ಪರೀಕ್ಷೆಗೆ ಎಂಬ ಭಾವನೆಯೂ ಬಂತು. ನನ್ನ ತಮ್ಮನ ಜೆರಾಕ್ಸ್ ಕಟ್ಟು ಅದರ ಕೊನೆಯ ರೂಪ: ಅಲ್ಲಿ ದಾರಿಯೂ ತೆರೆದಿದೆ, ಉತ್ತರವೂ ತೆರೆದಿದೆ, ಮಾಡುವುದಕ್ಕೆ ಏನೂ ಉಳಿದಿಲ್ಲ.

ಅದೇ 1960ರ ದಶಕದ ಕೊನೆಯಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಕೋನಿಗ್ಸ್‌ಬರ್ಗಿನ ಹಳೆಯ ಪದ್ಧತಿಯನ್ನು ನೆನಪಿಸುವ ಒಂದು ತರಗತಿ ನಡೆಯಿತು. ರಾನ್ ರೋರರ್ ಎಂಬ ಅಧ್ಯಾಪಕರು ಪಾಠ ಮಾಡುವ ಬದಲು, ವಿದ್ಯುತ್ ಮಂಡಲಗಳನ್ನು ತಾನೇ ಬಿಡಿಸುವ ಒಂದು ಕಂಪ್ಯೂಟರ್ ಪ್ರೋಗ್ರಾಂ ಬರೆಯಿರಿ ಎಂದು ವಿದ್ಯಾರ್ಥಿಗಳಿಗೆ ಕೆಲಸ ಹಚ್ಚಿದರು. ಅದು ಸರಿಯಿದೆಯೇ ಎಂದು ತೀರ್ಮಾನಿಸುವವರು ಹಿರಿಯ ಸಹೋದ್ಯೋಗಿ ಡೊನಾಲ್ಡ್ ಪೆಡರ್ಸನ್. ಅವರು ಒಪ್ಪಿದರೆ ಎಲ್ಲರೂ ಪಾಸು. ಆ ತರಗತಿಯ ಲಾರೆನ್ಸ್ ನೇಗಲ್ ಮುಂದೆ ಅದನ್ನೇ ಬೆಳೆಸಿ 1973ರಲ್ಲಿ ‘ಸ್ಪೈಸ್’ ಎಂಬ ಹೆಸರಿನಲ್ಲಿ ಮಂಡಿಸಿದರು. ಪೆಡರ್ಸನ್ ಅದಕ್ಕೆ ಯಾವ ಬೇಲಿಯನ್ನೂ ಹಾಕಗೊಡಲಿಲ್ಲ. ಕೇಳಿದವರಿಗೆಲ್ಲ ಕೊಟ್ಟರು. ಇಂದು ಮೊಬೈಲಿನಲ್ಲಿ, ಬ್ರೌಸರಿನಲ್ಲಿ ಉಚಿತವಾಗಿ ಸಿಗುವ ಎಷ್ಟೋ ಸರ್ಕ್ಯೂಟ್ ಸಿಮ್ಯುಲೇಟರುಗಳ ವಂಶ ಹುಡುಕಿದರೆ ಈ ತರಗತಿಯ ಮನೆಲೆಕ್ಕಕ್ಕೇ ಹೋಗಿ ನಿಲ್ಲುತ್ತದೆ. ತಮ್ಮನಂಥವರ ಮಟ್ಟಿಗೆ ಇದು ದೊಡ್ಡ ಸಂಗತಿ. ಯಾವ ಲೆಕ್ಕವನ್ನಾದರೂ ತಾವೇ ಕಟ್ಟಿಕೊಂಡು, ಕಾಗದದ ಮೇಲೆ ಬಿಡಿಸಿ, ಆಮೇಲೆ ಉತ್ತರ ಕೇಳಬಹುದು. ಮೊದಲೇ ಕೇಳಿಬಿಟ್ಟರೆ ಅದೂ ಇನ್ನೊಂದು ಜೆರಾಕ್ಸ್ ಕಟ್ಟು.

2012ರ ಮಾರ್ಚಿನಲ್ಲಿ ಎಂಐಟಿ ತನ್ನ ಮೊದಲ ಮುಕ್ತ ಆನ್‌ಲೈನ್ ಕೋರ್ಸನ್ನು ಆರಂಭಿಸಿದಾಗ ಆರಿಸಿಕೊಂಡದ್ದೂ ಇದೇ ವಿಷಯವನ್ನು: ಸರ್ಕ್ಯೂಟುಗಳು ಮತ್ತು ಎಲೆಕ್ಟ್ರಾನಿಕ್ಸ್. ಅದನ್ನು ಮುನ್ನಡೆಸಿದ ಅನಂತ್ ಅಗರ್‌ವಾಲ್ ಮಂಗಳೂರಿನಲ್ಲಿ ಬೆಳೆದವರು, ಮದ್ರಾಸ್ ಐಐಟಿಯಲ್ಲಿ ಓದಿದವರು. ಹೆಸರು ನೋಂದಾಯಿಸಿದವರು ಸುಮಾರು 1,55,000. ಕೊನೆಗೆ ಪ್ರಮಾಣಪತ್ರ ಪಡೆದವರು 7,157. ಈ ಎರಡನೇ ಅಂಕಿಯನ್ನು ಹಿಡಿದು ಗೇಲಿ ಮಾಡಿದವರಿದ್ದಾರೆ. ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಮಂಗೋಲಿಯಾದ ಉಲಾನ್‌ಬಾತರಿನ ಒಂದು ಶಾಲೆಯ ಕತೆ. ಅಲ್ಲಿನ 15 ವರ್ಷದ ಹುಡುಗನೊಬ್ಬ ಪೂರ್ಣ ಅಂಕ ಪಡೆದ. ಪತ್ರಿಕೆಗಳು ಅವನನ್ನು ಬಾಲಪ್ರತಿಭೆ ಎಂದು ಬರೆದವು. ಅದೇ ವರದಿಗಳ ಒಳಗೆ ಇನ್ನೊಂದು ವಿವರವಿದೆ: ಸ್ಟ್ಯಾನ್‌ಫೋರ್ಡಿನ ಸಂಶೋಧಕನೊಬ್ಬ ಬಿಡಿಭಾಗಗಳನ್ನೂ ಉಪಕರಣಗಳನ್ನೂ ಹೊತ್ತು ಅಲ್ಲಿಗೆ ಹೋಗಿ, ಆ ಮಕ್ಕಳಿಂದ ಸರ್ಕ್ಯೂಟುಗಳನ್ನು ಕೈಯಾರೆ ಕಟ್ಟಿಸಿದ್ದ. ಆ ಪೂರ್ಣ ಅಂಕದಲ್ಲಿ ಪರದೆಯ ಪಾಲೆಷ್ಟು, ಆ ಪೆಟ್ಟಿಗೆಯ ಸಾಮಾನಿನ ಪಾಲೆಷ್ಟು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಇದನ್ನೇ ನೇರವಾಗಿ ಹೇಳಿದವರು ಟೋನಿ ಕುಫಾಲ್ಟ್. ಅಮೆರಿಕದ ವಾಷಿಂಗ್ಟನ್ ರಾಜ್ಯದ ತಾಂತ್ರಿಕ ಕಾಲೇಜೊಂದರ ಅಧ್ಯಾಪಕರಾಗಿದ್ದ ಅವರು ವಿದ್ಯುತ್ ಮಂಡಲಗಳ ಬಗ್ಗೆ ಹಲವು ಸಂಪುಟಗಳ ಪಾಠ ಬರೆದು, ಯಾರು ಬೇಕಾದರೂ ನಕಲಿಸಿ ತಿದ್ದಿ ಹಂಚಬಹುದೆಂದು ಬಿಟ್ಟುಕೊಟ್ಟಿದ್ದಾರೆ. ಜೊತೆಗೆ ಅಭ್ಯಾಸದ ಹಾಳೆಗಳೂ ಇವೆ. ಆ ಹಾಳೆಗಳಲ್ಲಿ ಅವರ ಸಲಹೆ ಏನೆಂದರೆ, ಲೆಕ್ಕಕ್ಕಾಗಿ ಪುಸ್ತಕ ಹುಡುಕುತ್ತ ಕೂರಬೇಡಿ. ನೀವೇ ಒಂದು ಸರ್ಕ್ಯೂಟ್ ಬರೆಯಿರಿ, ಲೆಕ್ಕ ಮಾಡಿ, ಕಟ್ಟಿ, ಅಳೆಯಿರಿ; ಹೊಂದಲಿಲ್ಲವಾದರೆ ಎಲ್ಲಿ ತಪ್ಪಿತೆಂದು ಹುಡುಕಿ. ಉತ್ತರ ಹೇಳುವುದು ಸರ್ಕ್ಯೂಟಿನ ಕೆಲಸ. ನಾಯ್ಮನ್ನನ ಸೆಮಿನಾರಿಗೂ ಈ ಮಾತಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ.

ನಮ್ಮಲ್ಲಿ ಇದಕ್ಕೆ ಅಡ್ಡಿ ಹಣಕ್ಕಿಂತ ಭಾಷೆ ಎಂದೇ ನನ್ನ ಅನಿಸಿಕೆ. ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿ ವಿಭವಾಂತರ, ರೋಧ, ಸರಣಿ ಜೋಡಣೆ, ಸಮಾಂತರ ಜೋಡಣೆ ಎಲ್ಲ ಚೆನ್ನಾಗಿಯೇ ಇವೆ. ಮರುವರ್ಷ ಅಷ್ಟೂ ಪದಗಳನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಬೇಕು. ಹೊಸ ಪದವೂ ಹೊಸ ಲೆಕ್ಕವೂ ಒಟ್ಟಿಗೇ ಮೇಲೆ ಬೀಳುತ್ತವೆ. ಎಷ್ಟೋ ಮಕ್ಕಳು ತಮಗೆ ಲೆಕ್ಕ ಬರುವುದಿಲ್ಲ ಎಂದು ತೀರ್ಮಾನಿಸಿಕೊಳ್ಳುವುದು, ಪ್ರಶ್ನೆಯ ವಾಕ್ಯ ಅರ್ಥವಾಗದೆ ಇದ್ದ ಕಾರಣಕ್ಕೆ. ಕುಫಾಲ್ಟ್ ಅವರ ಹಾಳೆಗಳನ್ನು ಕನ್ನಡಕ್ಕೆ ತರಲು ಅನುಮತಿಗಾಗಿ ಯಾರಿಗೂ ಅರ್ಜಿ ಹಾಕಬೇಕಾಗಿಲ್ಲ. ಓಮನ ಎಂಟು ಅಳತೆಗಳಿಗಂತೂ ಹಕ್ಕುದಾರರೇ ಇಲ್ಲ.

ತಮ್ಮ ಮತ್ತು ಅವನ ಮೂವರು ಗೆಳೆಯರು ಈ ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಬಂದಾಗ ಎಸ್.ಪಿ. ರಸ್ತೆಗೆ ಹೋಗಿ ಒಂದು ಬ್ರೆಡ್‌ಬೋರ್ಡ್, ಒಂದು ಅಗ್ಗದ ಮಲ್ಟಿಮೀಟರ್, ಕೈತುಂಬ ರೆಸಿಸ್ಟರುಗಳನ್ನು ತಂದರು. ಈಗ ವಾಟ್ಸಾಪಿನಲ್ಲಿ ಒಬ್ಬರಿಗೊಬ್ಬರು ಲೆಕ್ಕ ಕೊಟ್ಟುಕೊಳ್ಳುತ್ತಾರೆ, ಕನ್ನಡದಲ್ಲೇ. ನಿಯಮ ಒಂದೇ: ಕೊಡುವವನು ಮೊದಲು ಕಟ್ಟಿ ಅಳೆದಿರಬೇಕು. ಹೋದ ವಾರ ತಮ್ಮ ಕೊಟ್ಟದ್ದು ಹಳೆಯ 9 ವೋಲ್ಟ್ ಬ್ಯಾಟರಿಯ ಲೆಕ್ಕ. ಏನೂ ಜೋಡಿಸದಿದ್ದಾಗ ಮೀಟರಿನಲ್ಲಿ 8.4. 470 ಓಮ್ ಜೋಡಿಸಿದಾಗ 8.0. ಬ್ಯಾಟರಿಯ ಒಳಗಿನ ರೋಧ ಎಷ್ಟು? ಇಬ್ಬರು 23.5 ಎಂದು ಕಳಿಸಿದರು. ಮೂರನೆಯವನು ತನ್ನ ಮನೆಯ ಬ್ಯಾಟರಿಯನ್ನೇ ಅಳೆದು, ನನ್ನದು ಬೇರೆ ಬರುತ್ತಿದೆ, ರೆಸಿಸ್ಟರಿನ ಮೇಲೆ ಚಿನ್ನದ ಬಣ್ಣದ ಪಟ್ಟಿ ಇದೆ, ಹಾಗಂದರೆ ಶೇಕಡಾ 5 ಆಚೀಚೆ ಇರಬಹುದಂತೆ, ಅದನ್ನು ಲೆಕ್ಕಕ್ಕೆ ಹೇಗೆ ಸೇರಿಸುವುದು ಎಂದು ಕೇಳಿದ್ದಾನೆ. ಅದಕ್ಕೆ ಇನ್ನೂ ಯಾರೂ ಉತ್ತರ ಬರೆದಿಲ್ಲ.